ಓರೆ ವೆಲ್‌ನ ದಾರಿ ಲೆಕ್ಕ ಹಾಕೋದು: ಟಾರ್ಗೆಟ್‌ನಿಂದ ಹಿಡಿದು ಬಿಟ್ ತುದಿವರೆಗೆ

ಡೈರೆಕ್ಷನಲ್ ಡ್ರಿಲ್ಲಿಂಗ್, ಅಂದ್ರೆ ವೆಲ್ (ಬಾವಿ) ಬೇಕಾದ ಕಡೆಗೆ ಓರೆಯಾಗಿ ಕೊರೆಯೋ ಕೆಲಸಕ್ಕೆ ಹೊಸದಾಗಿ ಬಂದವರು ಕೇಳೋದು ಹೆಚ್ಚು ಕಮ್ಮಿ ಒಂದೇ ಪ್ರಶ್ನೆ. ಪ್ರತಿ ಸರ್ವೆಗೆ, ಅಂದ್ರೆ ವೆಲ್ ಒಳಗಿನ ಟೂಲ್ ಬಳಸಿ ಅಲ್ಲಲ್ಲಿ ತೆಗೆಯೋ ಅಳತೆಗೆ, ಕೈಗೆ ಸಿಗೋದು ಬರೀ ಮೂರು ನಂಬರು, ಅದನ್ನ ಇಟ್ಕೊಂಡು ವೆಲ್ ಭೂಮಿ ಒಳಗೆ ಎಲ್ಲಿದೆ ಅಂತ ಹೇಗೆ ಹೇಳ್ತಾರೆ, ದೊಡ್ಡ ಸಾಫ್ಟ್‌ವೇರ್ ಇಲ್ದೆ ಎಕ್ಸೆಲ್‌ನಲ್ಲೇ ಮಾಡ್ಕೋಬಹುದಾ? ಮಾಡ್ಕೋಬಹುದು. ಹೈಸ್ಕೂಲ್ ತ್ರಿಕೋನಮಿತಿ ಸ್ವಲ್ಪ ನೆನಪಿದ್ರೆ ಸಾಕು. ಸೂತ್ರ ಬರೆಯೋದು ಅರ್ಧ ಗಂಟೆ ಕೆಲಸ. ಜನ ಎಡವೋದು ಅದರಲ್ಲಲ್ಲ, ಆ ನಂಬರ್‌ಗಳನ್ನ ಯಾವ ಸೊನ್ನೆಯಿಂದ ಅಳೆದಿದ್ದು, ಯಾವ ಉತ್ತರದಿಂದ ತಿರುಗಿಸಿದ್ದು ಅನ್ನೋದ್ರಲ್ಲಿ. ಅದಕ್ಕೇ ಮೊದಲ ಎರಡು ಹಂತದಲ್ಲಿ ಸೂತ್ರವೇ ಇಲ್ಲ, ಬೋರ್ ಅಂತ ಹಾರಿಸ್ಕೊಂಡು ಹೋಗ್ಬೇಡಿ.

ಮುಂಚೆ ಒಂದಿಷ್ಟು ಪದ. ಬಿಟ್ ಅಂದ್ರೆ ಪೈಪ್ ತುದಿಯಲ್ಲಿರೋ ಕೊರೆಯೋ ಮೊನೆ. ಆ ಮೂರು ನಂಬರು ಅಂದ್ರೆ ಎಂಡಿ, ಇಂಕ್ಲಿನೇಶನ್, ಅಜಿಮತ್. ಎಂಡಿ ಅಂದ್ರೆ ಮೆಷರ್ಡ್ ಡೆಪ್ತ್, ಅಂದ್ರೆ ವೆಲ್ ಒಳಗೆ ಇಳಿಸಿರೋ ಪೈಪ್‌ನ ಉದ್ದ. ಇದು ಟೂಲ್ ಹೇಳೋದಲ್ಲ, ರಿಗ್ ಮೇಲೆ ಪೈಪ್ ಅಳೆದು ಬರೆದಿಟ್ಟ ಟ್ಯಾಲಿ ಪಟ್ಟಿಯಿಂದ ಬರೋದು. ಟಿವಿಡಿ ಅಂದ್ರೆ ಟ್ರೂ ವರ್ಟಿಕಲ್ ಡೆಪ್ತ್, ದಾರಿ ಎಷ್ಟು ಸುತ್ತಿ ಬಂದಿದ್ರೂ ನೆಟ್ಟಗೆ ಕೆಳಗೆ ಎಷ್ಟು ಆಳ ಅನ್ನೋದು. ಇಂಕ್ಲಿನೇಶನ್ ಅಂದ್ರೆ ವಾಲಿಕೆ, ನೆಟ್ಟಗಿದ್ರೆ 0 ಡಿಗ್ರಿ, ಪೂರ್ತಿ ಅಡ್ಡ ಮಲಗಿದ್ರೆ 90. ಅಜಿಮತ್ ಅಂದ್ರೆ ವೆಲ್ ಮುಖ ಮಾಡಿರೋ ದಿಕ್ಕು, ಉತ್ತರದಿಂದ ಗಡಿಯಾರದ ಮುಳ್ಳು ತಿರುಗೋ ಕಡೆಗೆ 0ಯಿಂದ 360. ಕಿಕ್‌ಆಫ್ ಪಾಯಿಂಟ್ ಅಂದ್ರೆ ನೆಟ್ಟಗಿದ್ದ ವೆಲ್ ವಾಲೋಕೆ ಶುರು ಮಾಡೋ ಜಾಗ. ಡಾಗ್‌ಲೆಗ್ ಅಂದ್ರೆ ಎರಡು ಸರ್ವೆ ಮಧ್ಯೆ ದಾರಿ ಒಟ್ಟು ಎಷ್ಟು ಬಾಗಿದೆ ಅನ್ನೋ ಕೋನ, ವಾಲಿಕೆ ಬದಲಾವಣೆ ಮತ್ತೆ ದಿಕ್ಕಿನ ಬದಲಾವಣೆ ಎರಡೂ ಸೇರಿ. ಉಳಿದಿದ್ದು ಬಂದಾಗ ಹೇಳ್ತೀನಿ.

1. ಸೊನ್ನೆ ಎಲ್ಲಿದೆ ಅಂತ ಮೊದಲು ಗೊತ್ತು ಮಾಡ್ಕೊಳ್ಳಿ

ಜಿಯಾಲಜಿಯವರು ಟಾರ್ಗೆಟ್ ಆಳ ಕೊಡೋದು ಸಾಮಾನ್ಯವಾಗಿ ಸರಾಸರಿ ಸಮುದ್ರ ಮಟ್ಟದಿಂದ. ಡ್ರಿಲ್ಲರ್ ಅಳೆಯೋದು ರಿಗ್ ಫ್ಲೋರ್‌ನಿಂದ, ಅಂದ್ರೆ ರೋಟರಿ ಟೇಬಲ್‌ನಿಂದ. ಇವೆರಡರ ಮಧ್ಯೆ ಇರೋ ಎತ್ತರ ಸೇರಿಸದೆ ಇದ್ರೆ ಮುಂದಿನದ್ದೆಲ್ಲ ಅಷ್ಟು ಮೀಟರ್ ತಪ್ಪು. ಈ ಲೇಖನದ ಉದಾಹರಣೆಗೆ, ಟಾರ್ಗೆಟ್ ಸಮುದ್ರ ಮಟ್ಟಕ್ಕಿಂತ 2370 ಮೀಟರ್ ಕೆಳಗೆ, ರೋಟರಿ ಟೇಬಲ್ ಸಮುದ್ರ ಮಟ್ಟಕ್ಕಿಂತ 30 ಮೀಟರ್ ಮೇಲೆ ಅಂತ ಇಟ್ಕೊಳ್ಳೋಣ. ಹಾಗಾದ್ರೆ ನಮ್ಮ ಲೆಕ್ಕದ ಟಿವಿಡಿ 2400. ಅದೇ ಜಾಗದಲ್ಲಿ ನಾಳೆ ಬೇರೆ ರಿಗ್ ಬಂದ್ರೆ ಈ 30 ಬದಲಾಗತ್ತೆ, ಹಳೇ ಶೀಟ್ ಕಾಪಿ ಹೊಡೆದು ಹೊಸ ವೆಲ್‌ಗೆ ಬಳಸೋರು ಎಡವೋದೇ ಇಲ್ಲಿ.

ಮೀಟರ್ರಾ ಅಡಿನಾ ಅನ್ನೋದನ್ನೂ ಶೀಟ್‌ನ ಮೇಲೇ ಬರೆದಿಡಿ. ಬಾಗುವಿಕೆಯ ತೀವ್ರತೆಯನ್ನ ಕೆಲವರು 30 ಮೀಟರ್‌ಗೆ ಇಷ್ಟು ಡಿಗ್ರಿ ಅಂತಾರೆ, ಕೆಲವರು 100 ಅಡಿಗೆ ಇಷ್ಟು ಅಂತಾರೆ. 100 ಅಡಿ ಅಂದ್ರೆ 30.48 ಮೀಟರ್, ಹತ್ತಿರ ಹತ್ತಿರ ಇರೋದ್ರಿಂದಲೇ ಈ ತಪ್ಪು ಕಣ್ಣಿಗೆ ಬೀಳಲ್ಲ.

2. ಯಾವ ಉತ್ತರ?

ಉತ್ತರ ಮೂರಿದೆ. ಟೂಲ್ ಒಳಗಿನ ಮ್ಯಾಗ್ನೆಟೋಮೀಟರ್ ತೋರಿಸೋದು ಕಾಂತೀಯ ಉತ್ತರ. ಭೂಮಿಯ ಅಕ್ಷದ ಕಡೆ ಇರೋದು ನಿಜವಾದ ಉತ್ತರ. ಮ್ಯಾಪ್‌ನಲ್ಲಿ ಮೇಲ್ಮುಖವಾಗಿ ಎಳೆದಿರೋ ಗೆರೆ ಗ್ರಿಡ್ ಉತ್ತರ. ಟಾರ್ಗೆಟ್ ಕೋಆರ್ಡಿನೇಟ್ಸ್ ಮ್ಯಾಪ್‌ನಿಂದ ಬರೋದು, ಹಾಗಾಗಿ ನಿಮ್ಮ ಸರ್ವೆ ಅಜಿಮತ್‌ನೂ ಗ್ರಿಡ್‌ಗೆ ತರ್ಬೇಕು:

ಗ್ರಿಡ್ ಅಜಿಮತ್ = ಕಾಂತೀಯ ಅಜಿಮತ್ + ಡೆಕ್ಲಿನೇಶನ್ − ಕನ್ವರ್ಜೆನ್ಸ್

ಡೆಕ್ಲಿನೇಶನ್ ಅಂದ್ರೆ ಕಾಂತೀಯ ಉತ್ತರ ನಿಜವಾದ ಉತ್ತರದಿಂದ ಎಷ್ಟು ಸರಿದಿದೆ ಅನ್ನೋದು, ಪೂರ್ವಕ್ಕಿದ್ರೆ ಪ್ಲಸ್, ಪಶ್ಚಿಮಕ್ಕಿದ್ರೆ ಮೈನಸ್. ಕನ್ವರ್ಜೆನ್ಸ್ ಅಂದ್ರೆ ಗ್ರಿಡ್ ಉತ್ತರ ನಿಜವಾದ ಉತ್ತರದಿಂದ ಎಷ್ಟು ಸರಿದಿದೆ ಅನ್ನೋದು, ಅದಕ್ಕೂ ಅದೇ ಚಿಹ್ನೆ ಪದ್ಧತಿ. ಕಾಂತೀಯ 35.2, ಡೆಕ್ಲಿನೇಶನ್ −1.3, ಕನ್ವರ್ಜೆನ್ಸ್ +0.6 ಆದ್ರೆ ಗ್ರಿಡ್ ಅಜಿಮತ್ 33.3.

ಡೆಕ್ಲಿನೇಶನ್ ಒಂದೇ ಕಡೆ ನಿಲ್ಲೋದಿಲ್ಲ, ವರ್ಷ ವರ್ಷ ಸರಿಯುತ್ತೆ. ಐಜಿಆರ್‌ಎಫ್ ಅನ್ನೋ ಜಾಗತಿಕ ಕಾಂತಕ್ಷೇತ್ರದ ಮಾಡೆಲ್ ಇದೆ, 5 ವರ್ಷಕ್ಕೊಮ್ಮೆ ಅದನ್ನ ಪರಿಷ್ಕರಿಸ್ತಾರೆ, ಡ್ರಿಲ್ ಮಾಡೋ ದಿನದ ತಾರೀಖು ಹಾಕಿ ಬೆಲೆ ತೆಗೀರಿ, ಪಕ್ಕದ ಹಳೇ ವೆಲ್‌ನ ಫೈಲಿಂದ ಎತ್ಕೊಂಡು ಬರ್ಬೇಡಿ.

ನಾನೇ ಒಂದ್ಸಲ ಈ −1.3ನ ಮೈನಸ್ ಬಿಟ್ಟು ಹಾಕಿದ್ದೆ. ಶೀಟ್ ಎಲ್ಲೂ ಎರರ್ ಕೊಡಲ್ಲ, ನಂಬರ್‌ಗಳು ನೋಡೋಕೆ ಚೆನ್ನಾಗೇ ಇರ್ತವೆ. ಇನ್ನೊಬ್ಬರು ಬೇರೆಯಾಗಿ ಲೆಕ್ಕ ಹಾಕಿದಾಗ ಸಿಕ್ಕಿಬಿತ್ತು. 2.6 ಡಿಗ್ರಿ ವ್ಯತ್ಯಾಸ ಅಂದ್ರೆ 900 ಮೀಟರ್ ದೂರ ಹೋಗೋಷ್ಟರಲ್ಲಿ ಸುಮಾರು 41 ಮೀಟರ್ ಪಕ್ಕಕ್ಕೆ! ಇನ್ನೊಂದು, ಕೆಲವು ಸಿಸ್ಟಮ್‌ಗಳು ಈ ತಿದ್ದುಪಡಿ ಮಾಡಿಯೇ ಅಜಿಮತ್ ಕೊಡ್ತವೆ. ಕೇಳಿ ತಿಳ್ಕೊಳ್ಳಿ, ಇಲ್ಲಾಂದ್ರೆ ಎರಡು ಸಲ ತಿದ್ದಿದ ಹಾಗಾಗತ್ತೆ.

3. ಟಾರ್ಗೆಟ್ ಎಷ್ಟು ದೂರ, ಯಾವ ಕಡೆ

ವೆಲ್‌ಹೆಡ್‌ನಿಂದ ಟಾರ್ಗೆಟ್ ಉತ್ತರಕ್ಕೆ 720 ಮೀಟರ್, ಪೂರ್ವಕ್ಕೆ 540 ಮೀಟರ್ ಅಂತ ಇರ್ಲಿ. ಪೈಥಾಗೊರಸ್ ಹಾಕಿದ್ರೆ ಅಡ್ಡ ದೂರ 900 ಮೀಟರ್. ದಿಕ್ಕು 540ನ್ನ 720ರಿಂದ ಭಾಗಿಸಿ ಅದರ ಆರ್ಕ್‌ಟ್ಯಾನ್ ತೆಗೆದ್ರೆ 36.87 ಡಿಗ್ರಿ.

ಬರೀ ಆರ್ಕ್‌ಟ್ಯಾನ್ ಬಳಸಿದ್ರೆ ಟಾರ್ಗೆಟ್ ನೈಋತ್ಯಕ್ಕಿದ್ರೂ ಈಶಾನ್ಯ ಅಂತ ಹೇಳತ್ತೆ, ಯಾಕಂದ್ರೆ ಮೈನಸ್ ಬೈ ಮೈನಸ್ ಪ್ಲಸ್ಸೇ. ಅದಕ್ಕೆ ಎಟ್ಯಾನ್2 ಫಂಕ್ಷನ್ ಬಳಸಿ. ಅದರಲ್ಲೂ ಒಂದು ಕೊಕ್ಕೆ ಇದೆ: ಎಕ್ಸೆಲ್‌ನಲ್ಲಿ ಮೊದಲು ಉತ್ತರ ಆಮೇಲೆ ಪೂರ್ವ ಕೊಡ್ಬೇಕು, ಪೈಥಾನ್‌ನಲ್ಲಿ ಮೊದಲು ಪೂರ್ವ ಆಮೇಲೆ ಉತ್ತರ. ಫಲಿತಾಂಶ ರೇಡಿಯನ್‌ನಲ್ಲಿ ಬರತ್ತೆ, ಡಿಗ್ರಿ ಮಾಡಿದ ಮೇಲೆ ಮೈನಸ್ ಬಂದ್ರೆ 360 ಕೂಡಿಸಿ.

4. ಪ್ಲಾನ್ ದಾರಿ

ತುಂಬಾ ಸರಳವಾದ ಆಕಾರ ತಗೊಳ್ಳೋಣ: ಒಂದು ಆಳದವರೆಗೆ ನೆಟ್ಟಗೆ, ಅಲ್ಲಿಂದ ಒಂದೇ ಸಮನೆ ಬಾಗ್ತಾ ಹೋಗೋದು, ಬೇಕಾದ ವಾಲಿಕೆ ಬಂದ ಮೇಲೆ ಅದೇ ವಾಲಿಕೆಯಲ್ಲಿ ಟಾರ್ಗೆಟ್‌ವರೆಗೆ ನೇರ. ಕಿಕ್‌ಆಫ್ 600 ಮೀಟರ್‌ನಲ್ಲಿ, ಬಾಗೋ ದರ 30 ಮೀಟರ್‌ಗೆ 3 ಡಿಗ್ರಿ.

ಬಾಗೋ ಭಾಗ ಒಂದು ವೃತ್ತದ ತುಂಡು. ಅದರ ತ್ರಿಜ್ಯ:

ತ್ರಿಜ್ಯ = 1718.87 ÷ ಬಾಗೋ ದರ

ಈ 1718.87 ಎಲ್ಲಿಂದ ಬಂತು ಅಂದ್ರೆ 180ನ್ನ 30ರಿಂದ ಗುಣಿಸಿ ಪೈನಿಂದ ಭಾಗಿಸಿದ್ದು ಅಷ್ಟೇ. ನಮಗೆ ತ್ರಿಜ್ಯ 572.96 ಮೀಟರ್. ಈಗ ಕಿಕ್‌ಆಫ್‌ನಿಂದ ಕೆಳಗೆ ಇಳಿಯಬೇಕಾಗಿರೋದು 2400 − 600 = 1800, ಅಡ್ಡ ಹೋಗಬೇಕಾಗಿರೋದು 900. ವೃತ್ತದ ಕೇಂದ್ರ ಕಿಕ್‌ಆಫ್ ಆಳದಲ್ಲೇ, ಟಾರ್ಗೆಟ್ ಕಡೆಗೆ ಒಂದು ತ್ರಿಜ್ಯ ದೂರದಲ್ಲಿ ಕೂತಿದೆ ಅಂತ ಒಂದು ಹಾಳೆ ಮೇಲೆ ಬರ್ಕೊಳ್ಳಿ, ಚಿತ್ರ ಬರೆದ್ರೆ ಮಿಕ್ಕಿದ್ದು ತಾನೇ ಕಾಣತ್ತೆ.

ಕೇಂದ್ರದಿಂದ ಟಾರ್ಗೆಟ್‌ಗೆ ಅಡ್ಡ ದೂರ 900 − 572.96 = 327.04, ಕೆಳಗೆ 1800. ನೇರ ದೂರ ಸುಮಾರು 1829.5. ಅಲ್ಲಿಂದ ವೃತ್ತಕ್ಕೆ ಎಳೆಯೋ ಸ್ಪರ್ಶಕವೇ ನಮ್ಮ ನೇರ ಭಾಗ, ಅದರ ಉದ್ದ ಈ ದೂರದ ವರ್ಗದಿಂದ ತ್ರಿಜ್ಯದ ವರ್ಗ ಕಳೆದು ವರ್ಗಮೂಲ ತೆಗೆದ್ರೆ 1737.43 ಮೀಟರ್. ವಾಲಿಕೆ ಎರಡು ಕೋನದ ಮೊತ್ತ:

ವಾಲಿಕೆ = ಆರ್ಕ್‌ಟ್ಯಾನ್(327.04 ÷ 1800) + ಆರ್ಕ್‌ಟ್ಯಾನ್(572.96 ÷ 1737.43) = 10.30 + 18.25 = 28.55 ಡಿಗ್ರಿ

ಬಾಗೋ ಭಾಗದ ಉದ್ದ 285.5 ಮೀಟರ್, ಅದು ಮುಗಿಯೋದು ಎಂಡಿ 885.5ರಲ್ಲಿ, ಅಲ್ಲಿ ಟಿವಿಡಿ 873.8, ಅಡ್ಡ ಹೋಗಿರೋದು 69.7 ಮೀಟರ್ ಮಾತ್ರ. ಟಾರ್ಗೆಟ್ ಮುಟ್ಟೋವಾಗ ಎಂಡಿ 2622.9.

ಟಾರ್ಗೆಟ್ ತ್ರಿಜ್ಯಕ್ಕಿಂತ ಹತ್ತಿರ ಇದ್ರೆ ಮೊದಲ ಕೋನ ಮೈನಸ್ ಬರತ್ತೆ, ಗಾಬರಿ ಬೇಡ, ಹಾಗೇ ಕೂಡಿಸಿ. ಆದ್ರೆ ವರ್ಗಮೂಲದ ಒಳಗೆ ಮೈನಸ್ ಬಂತು ಅಂದ್ರೆ ಈ ದರದಲ್ಲಿ ಬಾಗಿ ಟಾರ್ಗೆಟ್ ಮುಟ್ಟೋಕೆ ಸಾಧ್ಯವೇ ಇಲ್ಲ, ಕಿಕ್‌ಆಫ್ ಮೇಲಕ್ಕೆ ತರ್ಬೇಕು ಇಲ್ಲಾ ಇನ್ನೂ ಬಿಗಿಯಾಗಿ ಬಾಗ್ಬೇಕು. ದರವನ್ನ 3ರಿಂದ 2.5ಕ್ಕೆ ಇಳಿಸಿ ಇದೇ ಲೆಕ್ಕ ಮಾಡಿ ನೋಡಿ, ವಾಲಿಕೆ ಸುಮಾರು 29 ಡಿಗ್ರಿ ಬರತ್ತೆ, ಅಂದ್ರೆ ಹೆಚ್ಚಾಗೋದು ಬರೀ ಅರ್ಧ ಡಿಗ್ರಿ. ಮೆತ್ತಗೆ ಬಾಗಿದ್ರೆ ಕೇಸಿಂಗ್ (ವೆಲ್ ಗೋಡೆಗೆ ಆಸರೆಯಾಗಿ ಇಳಿಸೋ ಸ್ಟೀಲ್ ಕೊಳವೆ) ಇಳಿಸೋದೂ ಸಲೀಸು, ಹಾಗಾಗಿ ಸುಮ್ಮನೆ ಬಿಗಿ ತಿರುವು ಹಾಕೋ ಚಟ ಬೇಡ ಅನ್ನೋದು ನನ್ನ ಅಭಿಪ್ರಾಯ.

5. ಸರ್ವೆಯಿಂದ ನಿಜವಾದ ದಾರಿ

ವಿಷಯ ಇರೋದೇ ಇಲ್ಲಿ. ಸರ್ವೆ ಹೇಳೋದು ಎರಡು ತುದಿಗಳ ಕೋನ ಮಾತ್ರ, ಮಧ್ಯದ 30 ಮೀಟರ್ ವೆಲ್ ಹೇಗೆ ಹೋಗಿದೆ ಅಂತ ಯಾರೂ ನೋಡಿಲ್ಲ. ಹಾಗಾಗಿ ಒಂದು ಊಹೆ ಬೇಕು. ಹಳೇ ಟ್ಯಾಂಜೆನ್ಶಿಯಲ್ ವಿಧಾನದಲ್ಲಿ ಕೆಳಗಿನ ತುದಿಯ ಕೋನದಲ್ಲೇ ಇಡೀ 30 ಮೀಟರ್ ನೇರ ಹೋಗಿದೆ ಅಂತ ಅಂದ್ಕೊಳ್ಳೋರು. ಆವರೇಜ್ ಆಂಗಲ್‌ನಲ್ಲಿ ಎರಡೂ ಕೋನದ ಸರಾಸರಿ. ಈಗ ಎಲ್ಲರೂ ಬಳಸೋದು ಮಿನಿಮಮ್ ಕರ್ವೇಚರ್, ಎರಡು ತುದಿ ಮಧ್ಯೆ ದಾರಿ ಒಂದು ವೃತ್ತದ ಕಂಸ ಅಂತ ತಗೊಳ್ಳೋದು. ಇದನ್ನೇ ಕಲೀರಿ, ಬೇರೆಯದಕ್ಕೆ ಟೈಮ್ ವೇಸ್ಟ್ ಮಾಡ್ಬೇಡಿ.

ಮೇಲಿನ ಸರ್ವೆಯ ವಾಲಿಕೆ ವಾ1, ಅಜಿಮತ್ ಅ1, ಕೆಳಗಿನದ್ದು ವಾ2, ಅ2, ಎರಡರ ಮಧ್ಯದ ಉದ್ದ ಉ ಅಂತ ಕರೆಯೋಣ. ಮೊದಲು ಡಾಗ್‌ಲೆಗ್ ಕೋನ ಬೀಟಾ:

ಕಾಸ್(ಬೀಟಾ) = ಕಾಸ್(ವಾ2 − ವಾ1) − ಸೈನ್(ವಾ1) × ಸೈನ್(ವಾ2) × [1 − ಕಾಸ್(ಅ2 − ಅ1)]

ಆಮೇಲೆ ರೇಶಿಯೋ ಫ್ಯಾಕ್ಟರ್, ಅಂದ್ರೆ ನೇರ ಗೆರೆಗಳ ಲೆಕ್ಕವನ್ನ ಕಂಸಕ್ಕೆ ಹೊಂದಿಸೋ ಗುಣಕ. ಇಲ್ಲಿ ಬೀಟಾ ರೇಡಿಯನ್‌ನಲ್ಲೇ ಇರ್ಬೇಕು:

ಫ್ಯಾಕ್ಟರ್ = (2 ÷ ಬೀಟಾ) × ಟ್ಯಾನ್(ಬೀಟಾ ÷ 2)

ಕೊನೆಗೆ ಮೂರು ಹೆಚ್ಚಳ:

ಟಿವಿಡಿ ಹೆಚ್ಚಳ = (ಉ ÷ 2) × [ಕಾಸ್(ವಾ1) + ಕಾಸ್(ವಾ2)] × ಫ್ಯಾಕ್ಟರ್
ಉತ್ತರ ಹೆಚ್ಚಳ = (ಉ ÷ 2) × [ಸೈನ್(ವಾ1) × ಕಾಸ್(ಅ1) + ಸೈನ್(ವಾ2) × ಕಾಸ್(ಅ2)] × ಫ್ಯಾಕ್ಟರ್
ಪೂರ್ವ ಹೆಚ್ಚಳ = (ಉ ÷ 2) × [ಸೈನ್(ವಾ1) × ಸೈನ್(ಅ1) + ಸೈನ್(ವಾ2) × ಸೈನ್(ಅ2)] × ಫ್ಯಾಕ್ಟರ್

ಇವನ್ನ ಹಿಂದಿನ ಸಾಲಿನ ಮೊತ್ತಕ್ಕೆ ಕೂಡಿಸ್ತಾ ಹೋದ್ರೆ ವೆಲ್ ಇರೋ ಜಾಗ ಸಿಗತ್ತೆ.

ಒಂದು ಸಾಲು ಕೈಯಲ್ಲಿ ಮಾಡೋಣ. ಎಂಡಿ 780ರಲ್ಲಿ ವಾಲಿಕೆ 18, ಅಜಿಮತ್ 35. ಎಂಡಿ 810ರಲ್ಲಿ ವಾಲಿಕೆ 21, ಅಜಿಮತ್ 39. ಕಾಸ್(ಬೀಟಾ) 0.99836 ಬರತ್ತೆ, ಬೀಟಾ 0.05728 ರೇಡಿಯನ್, ಅಂದ್ರೆ 3.28 ಡಿಗ್ರಿ. ವಾಲಿಕೆ ಬದಲಾಗಿದ್ದು 3, ದಿಕ್ಕು ಬದಲಾಗಿದ್ದು 4, ಆದ್ರೂ ಒಟ್ಟು ಬಾಗಿದ್ದು 3.28 ಮಾತ್ರ, ಯಾಕಂದ್ರೆ ವಾಲಿಕೆ ಕಮ್ಮಿ ಇರೋವಾಗ ದಿಕ್ಕು ತಿರುಗಿದ್ರೆ ವೆಲ್ ಜಾಸ್ತಿ ಬಾಗಲ್ಲ. ಫ್ಯಾಕ್ಟರ್ 1.00027. ಟಿವಿಡಿ ಹೆಚ್ಚಳ 28.28, ಉತ್ತರ 7.98, ಪೂರ್ವ 6.04 ಮೀಟರ್. ನಿಮ್ಮ ಶೀಟ್‌ನಲ್ಲಿ ಇದೇ ಬರ್ಬೇಕು.

ಇದೇ ಸಾಲನ್ನ ಟ್ಯಾಂಜೆನ್ಶಿಯಲ್‌ನಲ್ಲಿ ಮಾಡಿದ್ರೆ ಟಿವಿಡಿ 28.01 ಬರತ್ತೆ. ಒಂದೇ ಸಾಲಿಗೆ 27 ಸೆಂಟಿಮೀಟರ್ ತಪ್ಪು, ಅದೂ ಬಾಗ್ತಾ ಇರೋಷ್ಟು ಹೊತ್ತೂ ಒಂದೇ ಕಡೆಗೆ ಸೇರ್ತಾ ಹೋಗೋ ತಪ್ಪು.

ಒಂದು ಸುಲಭ ಚೆಕ್ ಹೇಳ್ತೀನಿ. ಮೂರು ಹೆಚ್ಚಳದ ವರ್ಗಗಳನ್ನ ಕೂಡಿ ವರ್ಗಮೂಲ ತೆಗೀರಿ. ಅದು ಕಂಸದ ಜ್ಯಾ, ಹಾಗಾಗಿ 30ಕ್ಕಿಂತ ಒಂಚೂರು ಕಮ್ಮಿ ಇರ್ಬೇಕು. ಮೇಲಿನ ಸಾಲಿಗೆ 29.996. 30 ದಾಟಿದ್ರೆ ಎಲ್ಲೋ ಸೂತ್ರ ಕೆಟ್ಟಿದೆ.

6. ಎಕ್ಸೆಲ್ ಕಾಟಗಳು

ಎಲ್ಲರೂ ಮೊದಲು ಬೀಳೋ ಹಳ್ಳ ರೇಡಿಯನ್. ಎಕ್ಸೆಲ್‌ನ ಸೈನ್ ಕಾಸ್‌ಗೆ ಡಿಗ್ರಿ ಅರ್ಥ ಆಗಲ್ಲ, ಸುಮ್ಮನೆ ಯಾವುದೋ ನಂಬರ್ ಕೊಟ್ಟುಬಿಡತ್ತೆ.

ಆಮೇಲೆ ನೇರ ಭಾಗದ ಸಮಸ್ಯೆ. ಎರಡು ಸರ್ವೆ ಒಂದೇ ಥರ ಇದ್ರೆ ಬೀಟಾ ಸೊನ್ನೆ, ಸೊನ್ನೆಯಿಂದ ಭಾಗಿಸೋಕೆ ಹೋಗಿ ಎರರ್. ಬೀಟಾ ತೀರಾ ಸಣ್ಣದಿದ್ರೆ, 0.25 ಡಿಗ್ರಿಗಿಂತ ಕಮ್ಮಿ ಅಂತ ಇಟ್ಕೊಳ್ಳಿ, ಫ್ಯಾಕ್ಟರ್ 1 ಅಂತ ಇಫ್ ಹಾಕ್ಬಿಡಿ, ಏನೂ ವ್ಯತ್ಯಾಸ ಆಗಲ್ಲ. ಕೆಲವೊಮ್ಮೆ ದಶಮಾಂಶ ಹೆಚ್ಚುಕಮ್ಮಿಯಾಗಿ ಕಾಸ್(ಬೀಟಾ) 1ಕ್ಕಿಂತ ಕೂದಲೆಳೆ ಜಾಸ್ತಿ ಬಂದು ಆರ್ಕ್‌ಕಾಸ್ ಕೈಕೊಡತ್ತೆ, ಅದಕ್ಕೆ 1 ಮತ್ತೆ ಆ ಬೆಲೆ ಎರಡರಲ್ಲಿ ಚಿಕ್ಕದನ್ನ ತಗೋ ಅಂತ ಬರೀರಿ.

ಅಜಿಮತ್ 358ರಿಂದ 2ಕ್ಕೆ ಹೋದ್ರೆ ಬದಲಾವಣೆ 4 ಡಿಗ್ರಿ. ಮಿನಿಮಮ್ ಕರ್ವೇಚರ್‌ನಲ್ಲಿ ಕಾಸ್ ಇರೋದ್ರಿಂದ ಅದೇ ಸಂಭಾಳಿಸತ್ತೆ. ಆವರೇಜ್ ಆಂಗಲ್ ಶೀಟ್ ಆದ್ರೆ 358 ಮತ್ತೆ 2ರ ಸರಾಸರಿ 180 ಅಂತ ಹೇಳಿ ಉತ್ತರಕ್ಕೆ ಹೋಗ್ತಿರೋ ವೆಲ್‌ನ ದಕ್ಷಿಣಕ್ಕೆ ಕಳಿಸಿಬಿಡತ್ತೆ 😄

ಶೀಟ್ ಪೂರ್ತಿ ಆದ ಮೇಲೆ ಪರೀಕ್ಷೆ ಮಾಡೋಕೆ 4ನೇ ಹಂತದ ಪ್ಲಾನನ್ನೇ ಅದಕ್ಕೆ ಉಣಿಸಿ. ನಾಲ್ಕೇ ಸಾಲು: ಎಂಡಿ 0ಕ್ಕೆ ವಾಲಿಕೆ 0, ಎಂಡಿ 600ಕ್ಕೆ 0, ಎಂಡಿ 885.49ಕ್ಕೆ 28.549, ಎಂಡಿ 2622.92ಕ್ಕೆ 28.549, ಅಜಿಮತ್ ಎಲ್ಲಕ್ಕೂ 36.87. ಕೊನೆಗೆ ಟಿವಿಡಿ 2400, ಉತ್ತರ 720, ಪೂರ್ವ 540 ಬರ್ಬೇಕು, ಒಂದೆರಡು ಸೆಂಟಿಮೀಟರ್ ಆಚೀಚೆ ಪರವಾಗಿಲ್ಲ. ಆಮೇಲೆ ಎಂಡಿ 600ರ ಅಜಿಮತ್‌ನ 200 ಅಂತ ಬದಲಾಯಿಸಿ ನೋಡಿ. ವಾಲಿಕೆ ಸೊನ್ನೆ ಇರೋ ಕಡೆ ದಿಕ್ಕಿಗೆ ಅರ್ಥವಿಲ್ಲ, ಹಾಗಾಗಿ ಕೊನೆಗೆ ಬರೋ ನಂಬರ್‌ಗಳು ಅಲುಗಾಡಬಾರದು. ಅಲುಗಾಡಿದ್ರೆ ಸೂತ್ರ ತಪ್ಪು.

7. ಪ್ಲಾನ್ ಜೊತೆ ಹೋಲಿಸೋದು

ಪ್ಲಾನ್ ದಿಕ್ಕಿನಲ್ಲಿ ನೋಡಿದ್ರೆ ಎಷ್ಟು ಮುಂದೆ ಬಂದಿದೀವಿ ಅನ್ನೋದಕ್ಕೆ ವರ್ಟಿಕಲ್ ಸೆಕ್ಷನ್ ಅಂತಾರೆ. ಒಟ್ಟು ಉತ್ತರವನ್ನ ಕಾಸ್(36.87)ನಿಂದ, ಒಟ್ಟು ಪೂರ್ವವನ್ನ ಸೈನ್(36.87)ನಿಂದ ಗುಣಿಸಿ ಕೂಡಿಸಿ, ಅಂದ್ರೆ ನಮಗೆ 0.8 ಮತ್ತೆ 0.6. ಮೇಲಿನ ಒಂದು ಸಾಲಿಗೆ 10 ಮೀಟರ್ ಬರತ್ತೆ. ವರ್ಟಿಕಲ್ ಸೆಕ್ಷನ್ ಸರಿ ಇದೆ ಅಂದ ಮಾತ್ರಕ್ಕೆ ವೆಲ್ ಸರಿ ದಾರಿಲಿದೆ ಅಂತಲ್ಲ, ಪಕ್ಕಕ್ಕೆ ಎಷ್ಟು ಸರಿದಿದೆ ಅಂತ ಮೇಲಿಂದ ನೋಡೋ ಪ್ಲಾನ್ ವ್ಯೂನೂ ಹಾಕ್ಕೊಳ್ಳಿ.

8. ಸರ್ವೆ ಹೇಳದೇ ಇರೋದು

ಮಡ್ ಮೋಟಾರ್‌ನಲ್ಲಿ (ಪಂಪ್ ಮಾಡೋ ಮಡ್‌ನ ಒತ್ತಡದಿಂದ ಬಿಟ್ ತಿರುಗಿಸೋ ಮೋಟಾರ್) ಡ್ರಿಲ್ ಮಾಡೋವಾಗ ಪೈಪ್ ತಿರುಗಿಸದೆ ಸ್ಲೈಡ್ ಮಾಡಿದಾಗ ಮಾತ್ರ ವೆಲ್ ಬಾಗೋದು, ರೋಟೇಟ್ ಮಾಡಿದಾಗ ಹೆಚ್ಚು ಕಮ್ಮಿ ನೇರ ಹೋಗತ್ತೆ. 30 ಮೀಟರ್‌ನಲ್ಲಿ 10 ಮೀಟರ್ ಸ್ಲೈಡ್ ಮಾಡಿ 3 ಡಿಗ್ರಿ ಗಿಟ್ಟಿಸಿದ್ರೆ ಸರ್ವೆ 30 ಮೀಟರ್‌ಗೆ 3 ಡಿಗ್ರಿ ಅನ್ನತ್ತೆ, ಆದ್ರೆ ಆ 10 ಮೀಟರ್ ಒಳಗೆ ವೆಲ್ ನಿಜವಾಗಿ ಬಾಗಿರೋದು 30 ಮೀಟರ್‌ಗೆ 9 ಡಿಗ್ರಿ ದರದಲ್ಲಿ. ಪೈಪ್ ಸುಸ್ತಾಗಿ ಮುರಿಯೋದು, ಕೇಸಿಂಗ್ ಸಿಕ್ಕಿಹಾಕ್ಕೊಳ್ಳೋದು ಅಂಥ ಕಡೆ.

ಟಿವಿಡಿಗೂ ಇದು ತಟ್ಟತ್ತೆ. 18ರಿಂದ 21ಕ್ಕೆ ಹೋಗೋವಾಗ ಮೊದಲ 10 ಮೀಟರ್ ಸ್ಲೈಡ್ ಮಾಡಿದ್ರೆ ನಿಜವಾದ ಇಳಿಕೆ 28.10 ಮೀಟರ್, ಕೊನೆಯ 10 ಮೀಟರ್ ಸ್ಲೈಡ್ ಮಾಡಿದ್ರೆ 28.45. ಮಿನಿಮಮ್ ಕರ್ವೇಚರ್ ಎರಡಕ್ಕೂ 28.28 ಅನ್ನತ್ತೆ. ಪ್ರತಿ ಸ್ಟ್ಯಾಂಡ್‌ನಲ್ಲೂ (ಒಟ್ಟಿಗೆ ಜೋಡಿಸಿ ಇಳಿಸೋ ಪೈಪ್‌ಗಳು, ಇಲ್ಲಿ 30 ಮೀಟರ್) ಅಭ್ಯಾಸಬಲದಿಂದ ಮೊದಲೇ ಸ್ಲೈಡ್ ಮಾಡ್ತಾ ಹೋದ್ರೆ ಹತ್ತು ಸ್ಟ್ಯಾಂಡ್‌ಗೆ ಒಂದೂವರೆ ಎರಡು ಮೀಟರ್ ಕದ್ದು ಸೇರ್ಕೊಂಡಿರತ್ತೆ, ತೆಳು ಪದರದ ಟಾರ್ಗೆಟ್ ಆದ್ರೆ ಅದೇ ಸಾಕು ಹೊರಗೆ ಹೋಗೋಕೆ. ಸ್ಲೈಡ್ ಶೀಟ್ ಪ್ರಾಮಾಣಿಕವಾಗಿ ಬರೀರಿ, ಬೇಕಾದ್ರೆ ಮಧ್ಯೆ ಇನ್ನೊಂದು ಸರ್ವೆ ತಗೊಳ್ಳಿ.

ಸರ್ವೆ ತಗೊಳ್ಳೋವಾಗ ಪೈಪ್ ಅಲುಗಾಡಬಾರದು. ಜೊತೆಗೆ ಬರೋ ಒಟ್ಟು ಗುರುತ್ವ, ಒಟ್ಟು ಕಾಂತಕ್ಷೇತ್ರ, ಡಿಪ್ ಕೋನ (ಕಾಂತಕ್ಷೇತ್ರ ಅಡ್ಡ ಮಟ್ಟದಿಂದ ಎಷ್ಟು ವಾಲಿದೆ ಅನ್ನೋದು) ಆ ಜಾಗದ ಬೆಲೆಗೆ ಹೊಂದ್ತಿದ್ಯಾ ನೋಡಿ. ಗುರುತ್ವ ಕೆಟ್ಟಿದ್ರೆ ವಾಲಿಕೆ ನಂಬ್ಬೇಡಿ, ಕಾಂತಕ್ಷೇತ್ರ ಕೆಟ್ಟಿದ್ರೆ ಅಜಿಮತ್ ನಂಬ್ಬೇಡಿ. ಪಕ್ಕದಲ್ಲಿ ಬೇರೆ ವೆಲ್‌ನ ಸ್ಟೀಲ್ ಕೇಸಿಂಗ್ ಇದ್ರೆ ಕಾಂತೀಯ ಅಜಿಮತ್ ದಾರಿ ತಪ್ಪಿಸತ್ತೆ, ಅಲ್ಲಿ ಕಾಂತಕ್ಷೇತ್ರ ನಂಬದೆ ದಿಕ್ಕು ಹೇಳೋ ಗೈರೋ ಟೂಲೇ ಗತಿ.

9. ಬಿಟ್ ಎಲ್ಲಿದೆ?

ಸೆನ್ಸರ್ ಇರೋದು ಬಿಟ್‌ನಲ್ಲಲ್ಲ, ಅದರ ಹಿಂದೆ. ಎಷ್ಟು ಹಿಂದೆ ಅನ್ನೋದು ಆ ಸಲ ಇಳಿಸಿರೋ ಟೂಲ್ ಜೋಡಣೆ ಮೇಲೆ ಹೋಗತ್ತೆ, ನಮ್ಮ ಉದಾಹರಣೆಗೆ 18 ಮೀಟರ್ ಅಂತಿರ್ಲಿ. ಅಂದ್ರೆ ಎಂಡಿ 810ರ ಸರ್ವೆ ಕೈಗೆ ಬರೋವಾಗ ಬಿಟ್ ಆಗ್ಲೇ 828ರಲ್ಲಿದೆ. ಅದೇ ದರದಲ್ಲಿ ಬಾಗ್ತಿದೆ ಅಂದ್ಕೊಂಡ್ರೆ ಬಿಟ್ ಹತ್ರ ವಾಲಿಕೆ 21 + 1.8 = 22.8, ಅಜಿಮತ್ 39 + 2.4 = 41.4. ಇದನ್ನೇ ಇನ್ನೊಂದು ಸರ್ವೆ ಅಂತ ಶೀಟ್‌ನ ಕೊನೇ ಸಾಲಲ್ಲಿ ಹಾಕಿ, ಉದ್ದ 18, ಅದೇ ಸೂತ್ರ. ಆದ್ರೆ ಆ 18 ಮೀಟರ್ ಪೂರ್ತಿ ರೋಟೇಟ್ ಮಾಡಿದ್ರೆ ಈ 1.8 ಡಿಗ್ರಿ ಸಿಕ್ಕಿರಲ್ಲ, ಸ್ಲೈಡ್ ಶೀಟ್ ನೋಡಿ ಹಾಕಿ. ಈ ಸಾಲಿಗೆ ಬೇರೆ ಬಣ್ಣ ಕೊಡಿ, ಮುಂದಿನ ನಿಜವಾದ ಸರ್ವೆ ಬಂದ ತಕ್ಷಣ ಅಳಿಸಿ, ಊಹೆಯ ಸಾಲು ಹಾಗೇ ಉಳಿದು ಅದರ ಮೇಲೆ ಮುಂದಿನದ್ದೆಲ್ಲ ಕೂಡ್ತಾ ಹೋಗಿರೋ ಶೀಟ್‌ಗಳನ್ನ ನೋಡಿದೀನಿ.

10. ಬಂದ ಉತ್ತರ ಒಂದು ಚುಕ್ಕೆ ಅಲ್ಲ

ಶೀಟ್ ಎರಡು ದಶಮಾಂಶ ತೋರಿಸತ್ತೆ ಅಂತ ವೆಲ್ ಅಷ್ಟು ಕರಾರುವಾಕ್ಕಾಗಿ ಅಲ್ಲೇ ಇರಲ್ಲ. ಅಜಿಮತ್‌ನಲ್ಲಿ 1 ಡಿಗ್ರಿ ಆಚೀಚೆ ಆದ್ರೆ 900 ಮೀಟರ್ ಅಡ್ಡ ದೂರಕ್ಕೆ 15.7 ಮೀಟರ್ ಪಕ್ಕಕ್ಕೆ. ಟೂಲ್ ತನ್ನ ಭಾರಕ್ಕೆ ಜೋತುಬಿದ್ದು ವಾಲಿಕೆ 0.2 ಡಿಗ್ರಿ ತಪ್ಪು ತೋರಿಸ್ತಾ ಇದ್ರೆ, ಇದಕ್ಕೆ ಸ್ಯಾಗ್ ಅಂತಾರೆ, ನಮ್ಮ 1737 ಮೀಟರ್ ನೇರ ಭಾಗದಲ್ಲೇ ಟಿವಿಡಿ ಸುಮಾರು 2.9 ಮೀಟರ್ ಹೆಚ್ಚುಕಮ್ಮಿ. ಇಂಥವೆಲ್ಲ ಸೇರಿಸಿ ವೆಲ್ ಸುತ್ತ ಒಂದು ಮೊಟ್ಟೆ ಆಕಾರದ ಅನಿಶ್ಚಿತತೆ ಎಳೀತಾರೆ, ಆಳ ಹೋದಂಗೆ ಅದು ದಪ್ಪ ಆಗ್ತಾ ಹೋಗತ್ತೆ. ಇದರ ಲೆಕ್ಕಕ್ಕೆ ಐಎಸ್‌ಸಿಡಬ್ಲ್ಯೂಎಸ್‌ಎ ಅನ್ನೋ ಸರ್ವೆ ತಜ್ಞರ ಗುಂಪಿನ ಎರರ್ ಮಾಡೆಲ್ ಬಳಸ್ತಾರೆ, ಅದನ್ನ ಎಕ್ಸೆಲ್‌ನಲ್ಲಿ ಮಾಡೋಕೆ ಹೋಗ್ಬೇಡಿ, ಪರೀಕ್ಷೆ ಆಗಿರೋ ಸಾಫ್ಟ್‌ವೇರ್‌ಗೆ ಬಿಡಿ. ಪಕ್ಕದಲ್ಲಿ ಇನ್ನೊಂದು ವೆಲ್ ಇದ್ರೆ ಎರಡರ ಮೊಟ್ಟೆಗಳ ಮಧ್ಯೆ ಜಾಗ ಉಳಿದಿದ್ಯಾ ಅಂತ ನೋಡೋದು ಆ ಸಾಫ್ಟ್‌ವೇರ್‌ನಿಂದ್ಲೇ. ನಿಮ್ಮ ಶೀಟ್ ಪಕ್ಕದಲ್ಲಿ ತೆರೆದಿರ್ಲಿ, ಸಾಫ್ಟ್‌ವೇರ್ ಕೊಟ್ಟ ಜಾಗಕ್ಕೂ ನಿಮ್ಮದಕ್ಕೂ ಹತ್ತು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಬಿಟ್ ಮುಂದೆ ಹೋಗೋಕೆ ಮುಂಚೆ ಯಾರದ್ದು ತಪ್ಪು ಅಂತ ಹುಡುಕಿ, 1 ಮತ್ತೆ 2ನೇ ಹಂತದಿಂದ ಶುರು ಮಾಡಿ.